ತೊಳೆಯಬಾರದ ಜಲ್ಲಿ

ಜನವರಿ ೯

ಅತ್ತಿಗೆಯವರಿಗೆ ನಾದಿನಿಯ ನಮಸ್ಕಾರಗಳು.

ಈ ಪತ್ರದಲ್ಲಿ ಏನೇನನ್ನು ಬರೆಯುವುದಿಲ್ಲ ಎಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ. ಕಳೆದ ವರ್ಷ ಅಣ್ಣ ತೀರಿಕೊಂಡ ಮೇಲೆ, ನಿಮ್ಮ ಸಾಮಾನು ತರಲೆಂದು ನಾನು ಕಳುಹಿಸಿದ ಟೆಂಪೋವನ್ನು ನೀವು ಖಾಲಿ ಹಿಂದಿರುಗಿಸಿದ ವಿಚಾರವನ್ನು ಬರೆಯುವುದಿಲ್ಲ. ಮರುದಿನ ನಾನು ಫೋನು ಮಾಡಿದಾಗ, "ನೀವು ಫೋನಲ್ಲಿ ಮಾತಾಡಲ್ಲ, ಅಪ್ಪಣೆ ಕೊಡ್ತೀರಿ. ಏನಾದ್ರೂ ಇದ್ರೆ ಬರೀರಿ" ಎಂದು ಇಟ್ಟುಬಿಟ್ಟದ್ದನ್ನೂ ಬರೆಯುವುದಿಲ್ಲ. ಬರುವ ಜೂನ್ ಕೊನೆಗೆ ಆಸ್ಪತ್ರೆಯ ಲ್ಯಾಬಿನಿಂದ ನಿಮಗೆ ನಿವೃತ್ತಿ, ಅದರೊಡನೆ ಕ್ವಾರ್ಟರ್ಸನ್ನೂ ಬಿಟ್ಟುಕೊಡಬೇಕು ಎಂದು ತಿಳಿಯಿತು. ಆಮೇಲೆ ಎಲ್ಲಿರುತ್ತೀರಿ ಎಂದು ಕೇಳುವುದಿಲ್ಲ. ಇಲ್ಲಿ ಹಿಂದಿನ ಕೋಣೆ ಖಾಲಿ ಇರುವುದು ನಿಮಗೆ ಗೊತ್ತೇ ಇರುವುದರಿಂದ ಅದನ್ನೂ ಬರೆಯುವ ಅಗತ್ಯವಿಲ್ಲ.

ಈಗ ವಿಷಯಕ್ಕೆ ಬರುತ್ತೇನೆ. ಹಿತ್ತಿಲಿನಲ್ಲಿ ನಾನು ಮನೆಪಾಠ ಹೇಳುತ್ತಿದ್ದ ತಗಡಿನ ಶೆಡ್ಡನ್ನು ಕೀಳಿಸಿದೆ. ಗಂಟಲು ಮೊದಲಿನಂತಿಲ್ಲ; ಮಕ್ಕಳೂ ಈಗ ಗಂಟಲಿಗೆ ಹೆದರುವುದಿಲ್ಲ. ಶೆಡ್ಡು ಹೋದ ಮೇಲೆ ಉಳಿದದ್ದು, ವರ್ಷಾನುಗಟ್ಟಲೆ ಪುಟ್ಟ ಕಾಲುಗಳು ತುಳಿದು ಹಲಗೆಯಂತಾದ ನೆಲ. ಸೊಪ್ಪಿನ ಬೀಜ ಚೆಲ್ಲಿದೆ. ಇರುವೆಗಳು ಹೊತ್ತುಕೊಂಡು ಹೋದವು. ಅಷ್ಟರಲ್ಲಿ ಪತ್ರಿಕೆಯಲ್ಲಿ ಒಂದು ಲೇಖನ ಕಣ್ಣಿಗೆ ಬಿತ್ತು. ಕೆಳಗೆ ತೊಟ್ಟಿಯಲ್ಲಿ ಮೀನು, ಮೇಲೆ ಜಲ್ಲಿ ತುಂಬಿದ ಪಾತಿಯಲ್ಲಿ ತರಕಾರಿ. ಮೀನಿನ ನೀರು ಪಾತಿಗೆ ಏರಿ, ಗಿಡಗಳಿಗೆ ಉಣಿಸಿ, ತಿಳಿಯಾಗಿ ತೊಟ್ಟಿಗೆ ಮರಳುತ್ತದೆಯಂತೆ. ಮಣ್ಣೇ ಬೇಡ. ಲೇಖಕರು ಇದನ್ನು ಆಕ್ವಾಪೋನಿಕ್ಸ್ ಎಂದು ಕರೆದಿದ್ದಾರೆ. ಹೂದೋಟ ಇರಬಹುದಾದರೆ ಮೀನ್ದೋಟ ಏಕಿರಬಾರದು? ನಾನು ಹಾಗೆಯೇ ಕರೆಯುತ್ತೇನೆ.

ನಕ್ಷೆಯೊಂದನ್ನು ಬರೆದು ಲಗತ್ತಿಸಿದ್ದೇನೆ. ತೊಟ್ಟಿ ಮರದ ನೆರಳಿನಲ್ಲಿ, ಪಾತಿ ಮನೆಪಾಠದ ಹಳೆಯ ಬೆಂಚಿನ ಮೇಲೆ. ಅಣ್ಣ ನೀರು ಸರಬರಾಜಿನ ಪಂಪು ನೋಡಿಕೊಂಡವನು, ಮನೆಯಲ್ಲಿ ಗಾಜಿನ ತೊಟ್ಟಿಯಿಟ್ಟು ಮೀನು ಸಾಕಿದವನು. ಆದರೂ ನೀರಿನ ಮರ್ಮ ತನಗಿಂತ ನಿಮಗೇ ಚೆನ್ನಾಗಿ ಗೊತ್ತು ಎನ್ನುತ್ತಿದ್ದ. ನಕ್ಷೆಯಲ್ಲಿ ದೋಷಗಳಿದ್ದರೆ ತಿಳಿಸಬೇಕು. ಇರಲಾರವು ಎಂಬುದು ನನ್ನ ನಂಬಿಕೆ.

ಇತಿ,
ನಿಮ್ಮ ನಾದಿನಿ


ಜನವರಿ ೨೪

ಟೀಚರಮ್ಮನವರಿಗೆ,

ಪತ್ರ ತಲುಪಿತು. ಬರೆಯುವುದಿಲ್ಲ ಎಂದದ್ದನ್ನೆಲ್ಲ ಚೆನ್ನಾಗಿ ಬರೆದಿದ್ದೀರಿ.

ಓದಿ ಮುಗಿಸಿದವಳು ಮೊದಲು ಕಿಟಕಿಗೆ ಹೋಗಿ ರಸ್ತೆ ನೋಡಿದೆ, ಟೆಂಪೋ ಏನಾದರೂ ಬಂದು ನಿಂತಿದೆಯೇ ಎಂದು. ಈ ಮೀನ್ದೋಟವೂ ಅಂಥದ್ದೇ ಇನ್ನೊಂದು ಟೆಂಪೋ ಅಲ್ಲ ತಾನೆ? ಆಗಿದ್ದರೆ ಈಗಲೇ ಹೇಳಿಬಿಡಿ, ಇಬ್ಬರಿಗೂ ಅಂಚೆಚೀಟಿ ಉಳಿಯುತ್ತದೆ.

ಉತ್ತರ ಬರೆಯಬಾರದು ಎಂದುಕೊಂಡಿದ್ದೆ. ಆದರೆ ನಿಮ್ಮ ನಕ್ಷೆ ನೋಡಿ ಕೈ ಸುಮ್ಮನಿರಲಿಲ್ಲ. ಕೆಂಪು ಶಾಯಿಯಲ್ಲಿ ತಿದ್ದಿ ವಾಪಸು ಕಳಿಸುತ್ತಿದ್ದೇನೆ. ಮದುವೆಗೆ ಮುಂಚೆ ನಾನು ನಿಮ್ಮ ಅಣ್ಣನಿಗೆ ಬರೆದ ಪತ್ರಗಳನ್ನು ನೀವು ಹೀಗೆಯೇ ತಿದ್ದಿ ಅವರ ಕೈಗೆ ಕೊಡುತ್ತಿದ್ದಿರಂತೆ. ಹತ್ತಕ್ಕೆ ಮೂರು ಅಂಕ ಕೊಟ್ಟಿದ್ದೇನೆ. ಒಂದು ಅಂಕ ಅಕ್ಷರ ದುಂಡಗಿರುವುದಕ್ಕೆ.

ತೊಟ್ಟಿ ಮರದ ಕೆಳಗೆ ಬೇಡ; ಎಲೆ ಬಿದ್ದು ಕೊಳೆಯುತ್ತದೆ. ಅರ್ಧ ದಿನ ಬಿಸಿಲು ಬರುವ ಗೋಡೆಯ ಪಕ್ಕ ಇರಲಿ. ಜಲ್ಲಿಯ ಪಾತಿಯನ್ನು ಬೆಂಚಿನ ಮೇಲೆ ಇಟ್ಟರೆ ಬೆಂಚು ಅಂದೇ ಮುರಿಯುತ್ತದೆ. ಜಲ್ಲಿ, ನೀರು ಎರಡೂ ಸೇರಿದರೆ ಅದರ ಮೇಲೆ ನಿಮ್ಮ ಇಡೀ ತರಗತಿಯನ್ನು ಕೂರಿಸಿದಂತೆ. ಇಟ್ಟಿಗೆಯ ಕಂಬ ಕಟ್ಟಿಸಿ. ಪಂಪು ಸಣ್ಣದಿರಲಿ, ಪಾತಿಯಿಂದ ಕೆಳಗಿಳಿಯುವ ಪೈಪು ಮಾತ್ರ ಮೇಲೇರುವುದಕ್ಕಿಂತ ದಪ್ಪ ಇರಲೇಬೇಕು. ಮುಖ್ಯವಾದದ್ದು ಇದು: ಮೀನು ತಿಂದು ಹೊರಹಾಕಿದ್ದು ನೀರಿನಲ್ಲಿ ಅಮೋನಿಯ ಆಗುತ್ತದೆ, ಅದು ಮೀನಿಗೇ ವಿಷ. ಆ ವಿಷವನ್ನು ಗಿಡಕ್ಕೆ ಊಟವಾಗಿಸಿ ಕೊಡಬೇಕಾದದ್ದು ಜಲ್ಲಿ. ಆದ್ದರಿಂದ ಜಲ್ಲಿಗೆ ಜೀವ ಬರುವ ತನಕ ಮೀನು ಬಿಡಬಾರದು.

ಮೀನು ತಿನ್ನುವುದಕ್ಕೋ, ನೋಡುವುದಕ್ಕೋ? ತಿನ್ನುವುದಕ್ಕಾದರೆ ಹೆಸರಿಡಬೇಡಿ. ಇಲ್ಲಿನ ಗಾಜಿನ ತೊಟ್ಟಿಯಲ್ಲಿ ಈಗ ಒಂದೇ ಗೋಲ್ಡ್ ಫಿಶ್ ಉಳಿದಿದೆ. ಇಡೀ ದಿನ ಈ ತುದಿಯಿಂದ ಆ ತುದಿಗೆ ರೌಂಡ್ಸ್ ಹೊಡೆಯುತ್ತದೆಂದು ನಿಮ್ಮ ಅಣ್ಣ ಅದಕ್ಕೆ ಹೆಡ್ ಮಾಸ್ತರು ಎಂದು ಹೆಸರಿಟ್ಟಿದ್ದರು. ಇನ್ನೂ ರೌಂಡ್ಸ್ ನಡೆದೇ ಇದೆ.

ಅತ್ತಿಗೆ


ಫೆಬ್ರವರಿ ೧೩

ಅತ್ತಿಗೆಯವರಿಗೆ ನಮಸ್ಕಾರಗಳು.

ತಿದ್ದಿದ ನಕ್ಷೆ ತಲುಪಿತು. ಮೂರು ಅಂಕಗಳ ಬಗ್ಗೆ ಮೇಲ್ಮನವಿ ಸಲ್ಲಿಸುವ ವಿಚಾರವಿತ್ತು; ಬೆಂಚಿನ ಮೇಲೆ ಒಂದು ಚೀಲ ಜಲ್ಲಿಯನ್ನು ಇಟ್ಟು ನೋಡಿದ ಬಳಿಕ ಕೈಬಿಟ್ಟೆ. ಬೆಂಚು ಈಗ ಎರಡು ಬೆಂಚುಗಳಾಗಿದೆ.

ಕೆಲಸಕ್ಕೆ ಒಬ್ಬ ಮೇಸ್ತ್ರಿಯನ್ನು ಗೊತ್ತುಮಾಡಿದೆ. ನನ್ನ ಹಳೆಯ ವಿದ್ಯಾರ್ಥಿ. ಕರಣೆಗಿಂತ ಬಾಯಿ ಹೆಚ್ಚು ಆಡುತ್ತದೆ.

"ಟೀಚರ್, ಕೆಳಗೆ ಮೀನು, ಮೇಲೆ ಟೊಮೇಟೊ. ನಡುವೆ ಒಂದು ಒಲೆ ಇಟ್ಟುಬಿಟ್ರೆ ಅಡುಗೆನೂ ತಾನೇ ಆಗುತ್ತಲ್ವಾ?"

"ಏಳನೆಯ ತರಗತಿಯಲ್ಲೂ ನೀನು ಹೀಗೆಯೇ ಮಾತಾಡಿ ಹೊರಗೆ ನಿಲ್ಲುತ್ತಿದ್ದೆ."

"ಮತ್ತೆ? ಹೊರಗೆ ನಿಂತು ನಿಂತೇ ಅಲ್ವಾ ಟೀಚರ್ ಗೋಡೆ ನೋಡೋದು ಕಲಿತಿದ್ದು."

ಮಾತು ಹೇಗಾದರೂ ಇರಲಿ, ಕಂಬಗಳು ಮಾತ್ರ ನೆಟ್ಟಗಿವೆ, ತೊಟ್ಟಿಯೂ ಸೋರುತ್ತಿಲ್ಲ. ಮೊದಲ ದಿನ ಪಂಪು ಹಾಕಿದಾಗ ನೀವು ಹೇಳಿದ ದಪ್ಪ ಪೈಪು ಅಂಗಡಿಯಿಂದ ಬಂದಿರಲಿಲ್ಲ. ಇದ್ದ ಪೈಪಿನಲ್ಲೇ ನಡೆದೀತು ಎಂದು ನಾನು ಹಾಕಿಸಿದೆ. ಪಾತಿ ತುಂಬಿ ಉಕ್ಕಿ, ಅಡುಗೆಮನೆಯ ಹೊಸ್ತಿಲು ದಾಟಿ ನೀರು ಒಳಗೆ ಬಂತು. ಮೇಸ್ತ್ರಿ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತಿಗೆ ಮೊದಲೇ ಹೇಳಿದ್ದರು ಎಂದು ನಾನು ಬಾಯಿತಪ್ಪಿ ಹೇಳಿಬಿಟ್ಟೆ. "ಹಾಗಾದ್ರೆ ಅವರನ್ನೇ ಕರೆಸಿ ಟೀಚರ್, ನನಗೂ ಬೈಗುಳ ಕಡಿಮೆ ಆಗುತ್ತೆ" ಎಂದ. ಅವನ ಮಾತನ್ನು ಅವನ ಮಾತೆಂದೇ ಇಲ್ಲಿ ಬರೆದಿದ್ದೇನೆ.

ಈಗ ಸರಿಯಾದ ಪೈಪಿದೆ. ನೀರು ಏರುತ್ತದೆ, ಜಲ್ಲಿಯಲ್ಲಿ ಇಂಗುತ್ತದೆ, ತೊಟ್ಟಿಗೆ ಸುರಿಯುತ್ತದೆ. ಸಂಜೆ ಹಿತ್ತಿಲಿನ ಮೆಟ್ಟಿಲ ಮೇಲೆ ಕುಳಿತು ಆ ಸದ್ದನ್ನು ಕೇಳುತ್ತೇನೆ. ಬಹಳ ದಿನಗಳ ಮೇಲೆ ಈ ಮನೆಯಲ್ಲಿ ನನ್ನದಲ್ಲದ ಒಂದು ಸದ್ದು.

ಮುಂದೇನು ಮಾಡಬೇಕು?

ಇತಿ,
ನಿಮ್ಮ ನಾದಿನಿ


ಫೆಬ್ರವರಿ ೨೭

ಟೀಚರಮ್ಮನವರಿಗೆ,

ಮುಂದೆ ಏನೂ ಮಾಡಬಾರದು. ಕಾಯಬೇಕು. ನಿಮಗೆ ಇದೇ ಕಷ್ಟ ಎಂದು ಗೊತ್ತು.

ದಿನಾ ಬೆಳಿಗ್ಗೆ ಚಿಟಿಕೆ ಮೀನಿನ ಆಹಾರವನ್ನು ಖಾಲಿ ತೊಟ್ಟಿಗೆ ಹಾಕಿ. ಅದು ಕೊಳೆತು ಅಮೋನಿಯ ಆಗಲಿ. ಮೀನಿನ ಸಾಮಾನು ಮಾರುವ ಅಂಗಡಿಯಲ್ಲಿ ನೀರು ಪರೀಕ್ಷಿಸುವ ಹನಿ ಔಷಧಿಯ ಬಾಟಲಿ ಸಿಗುತ್ತದೆ. ಗಾಜಿನ ಕೊಳವೆಯಲ್ಲಿ ನೀರು ಹಿಡಿದು ಹನಿ ಹಾಕಿದರೆ ವಿಷ ಇದ್ದಾಗ ಹಸಿರು, ಇಲ್ಲದಾಗ ಹಳದಿ. ಮೊದಲು ಹಸಿರಾಗುತ್ತದೆ. ವಾರಗಟ್ಟಲೆ ಹಸಿರಾಗಿಯೇ ಇರುತ್ತದೆ. ಆಮೇಲೆ ಒಂದು ದಿನ, ನೀವು ಊಟ ಹಾಕುತ್ತಿದ್ದರೂ, ಹಳದಿಗೆ ತಿರುಗುತ್ತದೆ. ಜಲ್ಲಿ ಕೆಲಸ ಶುರುಮಾಡಿತು ಎಂದರ್ಥ. ನಲ್ಲಿಯ ನೀರು ಸೇರಿಸುವುದಿದ್ದರೆ ಬಕೆಟ್ಟಿನಲ್ಲಿ ಒಂದು ದಿನ ಬಾಯಿ ತೆರೆದಿಟ್ಟು, ಕ್ಲೋರಿನ್ ಔಷಧಿಯ ವಾಸನೆ ಹೋದ ಮೇಲೆ ಸೇರಿಸಿ.

ನೀವು ಕೇಳುವುದಿಲ್ಲ ಎಂದಿದ್ದೀರಿ, ಆದರೂ ಹೇಳುತ್ತೇನೆ: ಬಾಡಿಗೆಗೆ ಒಂದು ಕೋಣೆ ಹುಡುಕುತ್ತಿದ್ದೇನೆ. ಆಸ್ಪತ್ರೆಯ ಹಿಂದಿನ ಬೀದಿಯಲ್ಲಿ ಒಂದು ನೋಡಿದೆ. ಮಾಲೀಕರು ಗಾಜಿನ ತೊಟ್ಟಿ ಬೇಡ ಎಂದರು. ನೀರು ಸೋರಿದರೆ ಕೆಳಗಿನ ಮನೆಯವರ ತಲೆ ಮೇಲೆ ಬೀಳುತ್ತದಂತೆ. ಇನ್ನೊಂದು ನೋಡುತ್ತೇನೆ.

ಅತ್ತಿಗೆ


ಮಾರ್ಚ್ ೨೨

ಅತ್ತಿಗೆಯವರಿಗೆ ನಮಸ್ಕಾರಗಳು.

ಖಾಲಿ ತೊಟ್ಟಿಗೆ ಊಟ ಹಾಕುವುದರಿಂದ ನನ್ನ ಮರ್ಯಾದೆಗೆ ಏನಾಯಿತೆಂಬುದನ್ನು ತಿಳಿಸುವುದು ನನ್ನ ಕರ್ತವ್ಯ. ಪಕ್ಕದ ಮನೆಯಾಕೆ ಗೋಡೆಯ ಮೇಲಿಂದ ಕತ್ತು ಚಾಚಿ, "ಟೀಚರ್, ಯಾರಿಗೆ ಊಟ ಹಾಕ್ತಿದೀರಿ?" ಎಂದು ಕೇಳಿದರು.

"ಮೀನಿಗೆ."

"ಮೀನೆಲ್ಲಿ?"

"ಇನ್ನೂ ಬಂದಿಲ್ಲ."

ಆಕೆ ದನಿ ಮೆತ್ತಗೆ ಮಾಡಿಕೊಂಡು, "ನಿದ್ದೆ ಗಿದ್ದೆ ಚೆನ್ನಾಗಿ ಬರ್ತಿದೆ ತಾನೆ?" ಎಂದರು. ಸಂಜೆ ಆಕೆಯ ಗಂಡ ಬಂದು ಹಿತ್ತಿಲಲ್ಲಿ ನಿಂತರು. ಏನು ಬೇಕಿತ್ತು ಎಂದರೆ, "ಏನಿಲ್ಲ, ಸುಮ್ಮನೆ ಒಂದ್ಸಲ ನೋಡ್ಕೊಂಡು ಬಾ ಅಂದ್ಲು" ಎಂದು ತಲೆ ಕೆರೆದುಕೊಂಡರು. ಇಡೀ ಬೀದಿ ಈಗ ನನ್ನೊಡನೆ ವಿಶೇಷ ಪ್ರೀತಿಯಿಂದ ಮಾತಾಡುತ್ತಿದೆ.

ಹನಿ ಹಾಕಿದ ನೀರು ವಾರಗಟ್ಟಲೆ ಕಡುಹಸಿರಾಗಿತ್ತು. ಮೊನ್ನೆಯಿಂದ ತಿಳಿಯಾಗುತ್ತಿದೆ. ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುವಾಗ, ಲ್ಯಾಬಿನಲ್ಲಿ ನೀವು ಹೀಗೆಯೇ ನಿಂತು ಜೀವನ ಕಳೆದಿರಿ ಎಂಬುದು ಹೊಳೆಯಿತು. ಇಷ್ಟು ವರ್ಷ ನಿಮ್ಮ ಕೆಲಸ ಏನೆಂದು ಒಮ್ಮೆಯೂ ಕೇಳಿರಲಿಲ್ಲ.

ಎರಡನೆಯ ಕೋಣೆ ಸಿಕ್ಕಿತೇ ಎಂದು ನೀವು ಬರೆಯಲಿಲ್ಲ.

ಇತಿ,
ನಿಮ್ಮ ನಾದಿನಿ


ಏಪ್ರಿಲ್ ೧೧

ಅತ್ತಿಗೆಯವರಿಗೆ ನಮಸ್ಕಾರಗಳು.

ನಿಮ್ಮ ಉತ್ತರಕ್ಕೆ ಕಾಯದೆ ಈ ಪತ್ರವನ್ನು ಬರೆಯುತ್ತಿರುವುದು ಸಂತೋಷ ತಡೆಯಲಾರದೆ. ಮೀನುಗಳು ಬಂದವು! ಗೆಂಡೆಯ ಮರಿಗಳು, ಬೆರಳುದ್ದ. ಮೀನಿನವನು ಪ್ಲಾಸ್ಟಿಕ್ ಚೀಲದಲ್ಲಿ ತಂದು, ನೀವು ಅಣ್ಣನಿಗೆ ಹೇಳುತ್ತಿದ್ದಂತೆ ಚೀಲವನ್ನು ಮೊದಲು ನೀರಿನ ಮೇಲೆ ತೇಲಿಬಿಟ್ಟು, ಆಮೇಲೆ ಬಾಯಿ ಬಿಚ್ಚಿದ. ಒಂದೊಂದಾಗಿ ಹೊರಬಂದು ತೊಟ್ಟಿಯ ಮೂಲೆಯಲ್ಲಿ ಸಾಲಾಗಿ ನಿಂತವು, ಶಾಲೆಯ ಮೊದಲ ದಿನದ ಮಕ್ಕಳಂತೆ. ಪಕ್ಕದ ಮನೆಯಾಕೆಯನ್ನು ಕರೆದು ತೋರಿಸಿದೆ. "ಅಬ್ಬಾ, ನಿಜವಾಗ್ಲೂ ಮೀನೇ!" ಎಂದು ಆಕೆ ಬಿಟ್ಟ ನಿಟ್ಟುಸಿರು ಬೀದಿಗೆಲ್ಲ ಕೇಳಿಸಿರಬೇಕು.

ಮುಂಜಾಗ್ರತೆಯಾಗಿ ನಾನೇ ಒಂದು ಕೆಲಸ ಮಾಡಿಸಿದೆ. ನೀರು ಹಳದಿ ತೋರಿಸಿತು; ಸರಿ, ಮೀನು ತರಲು ಹೇಳಿದೆ. ಆದರೆ ಜಲ್ಲಿಯೊಳಗೆ ಕೈಯಿಟ್ಟು ಕೆದಕಿ ನೋಡಿದರೆ ಕಂದು ಬಣ್ಣದ ಲೋಳೆ! ಕಲ್ಲು ಕಲ್ಲಿಗೂ ಅಂಟಿಕೊಂಡಿತ್ತು, ಬಚ್ಚಲಿನಂತೆ ವಾಸನೆ. ನನ್ನ ಮನೆಗೆ ಬರುವವರನ್ನು ಅಂಥ ಕೊಳೆಯಲ್ಲಿ ಇಳಿಸುವುದೇ? ಮೇಸ್ತ್ರಿಯನ್ನು ಕರೆಸಿ ಜಲ್ಲಿಯನ್ನೆಲ್ಲ ಹೊರಗೆ ತೆಗೆಸಿ, ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿ ತಿಕ್ಕಿಸಿದೆ. ವಾಸನೆ ಪೂರ್ತಿ ಹೋಗುವವರೆಗೂ ತೊಳೆದೆವು. ತೊಟ್ಟಿಗೂ ಹೊಸ ನೀರು ತುಂಬಿಸಿ, ನೀವು ಹೇಳಿದಂತೆ ಬಾಯಿ ತೆರೆದಿಟ್ಟು, ಆಮೇಲೆಯೇ ಮೀನು ಬಿಟ್ಟದ್ದು. ಹನಿ ಹಾಕಿ ನೋಡಿದೆ: ಹಳದಿ, ಬಂಗಾರದಂಥ ಹಳದಿ. ಜಲ್ಲಿ ಈಗ ಮುತ್ತು ಪೋಣಿಸಿದಂತೆ ಹೊಳೆಯುತ್ತಿದೆ. ನೀವೊಮ್ಮೆ ನೋಡಬೇಕು.

ಟೊಮೇಟೊ ಸಸಿಗಳನ್ನೂ ನೆಟ್ಟಿದ್ದೇನೆ. ಹಿಂದಿನ ಕೋಣೆಗೂ ಸುಣ್ಣ ಹೊಡೆಸಿದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಇತಿ,
ನಿಮ್ಮ ನಾದಿನಿ


ಏಪ್ರಿಲ್ ೨೦

ಟೀಚರಮ್ಮನವರಿಗೆ,

ಫೋನಿನಲ್ಲಿ ಹೇಳಿದ್ದನ್ನೇ ಕಾಗದದಲ್ಲಿಯೂ ಬರೆಯುತ್ತಿದ್ದೇನೆ. ಅಂದು ನೀವಿದ್ದ ಸ್ಥಿತಿಯಲ್ಲಿ ಎಷ್ಟು ಕೇಳಿಸಿತೋ ತಿಳಿಯದು. ನಿಮ್ಮ ಪತ್ರದಲ್ಲಿ ಬ್ಲೀಚಿಂಗ್ ಪೌಡರ್ ಎಂದು ಓದಿದ ಕೂಡಲೇ ಫೋನಿನ ಹತ್ತಿರ ಓಡಿದೆ. ಒಂದು ವರ್ಷದ ಮೇಲೆ ನಿಮ್ಮ ದನಿ ಕೇಳಿದ್ದು. "ಅತ್ತಿಗೆ, ಮೀನು ಮಗುಚಿಕೊಂಡು ತೇಲುತ್ತಿವೆ" ಎಂದಿರಿ. ಅಪ್ಪಣೆ ಕೊಡಲು ಅಂದು ನಿಮಗೆ ಪುರುಸೊತ್ತಿರಲಿಲ್ಲ.

ಊಟ ಪೂರ್ತಿ ನಿಲ್ಲಿಸಿ. ದಿನಾ ತೊಟ್ಟಿಯ ಕಾಲುಭಾಗ ನೀರು ತೆಗೆದು ಹಿತ್ತಿಲಿನ ಮರದ ಬುಡಕ್ಕೆ ಹಾಕಿ, ಹಿಂದಿನ ದಿನ ತೆರೆದಿಟ್ಟ ನೀರನ್ನು ಸೇರಿಸಿ. ಪಂಪು ನಿಲ್ಲಿಸಲೇಬೇಡಿ. ಸತ್ತದ್ದನ್ನು ತಕ್ಷಣ ಎತ್ತಿ.

ಏನಾಯಿತು ಎಂದು ಕೇಳಿದಿರಿ. ಆ ಲೋಳೆಯೇ ಜೀವ. ಕಣ್ಣಿಗೆ ಕಾಣದ ಜೀವಿಗಳು ವಾರಗಟ್ಟಲೆ ಕೂತು ಜಲ್ಲಿಗೆ ಮೆತ್ತಿಕೊಂಡದ್ದು. ವಿಷವನ್ನು ಗಿಡಕ್ಕೆ ಊಟವಾಗಿಸಿ ಕೊಡುತ್ತಿದ್ದದ್ದು ಅದೇ. ಅದನ್ನು ತಿಕ್ಕಿ ತೊಳೆದಿರಿ. ಹೊಸ ನೀರಿನಲ್ಲಿ ವಿಷವೇ ಇರಲಿಲ್ಲ, ಹಳದಿ ತೋರಿಸಿತು. ಮೀನು ಬಂದು ಉಂಡ ಮೇಲೆ ವಿಷ ಏರಿತು, ತಡೆಯುವವರು ಯಾರೂ ಇರಲಿಲ್ಲ. ತೊಳೆಯಬಾರದು ಎಂದು ನಾನು ಬರೆದಿರಲಿಲ್ಲ. ನಿಮ್ಮಂಥವರು ಕಲ್ಲನ್ನೂ ತಿಕ್ಕಿ ತೊಳೆಯುತ್ತಾರೆ ಎಂದು ನನಗೆ ಹೊಳೆಯಬೇಕಿತ್ತು. ನನಗಲ್ಲದೆ ಇನ್ಯಾರಿಗೆ ಹೊಳೆಯಬೇಕು?

ಏಕೆಂದರೆ ಆ ಟೆಂಪೋ ವಾಪಸು ಕಳಿಸಿದ್ದು ಇದಕ್ಕೇ. ನಿಮಗೆ ಗೊತ್ತಿರಲಿಕ್ಕಿಲ್ಲ. ಸಾಮಾನು ಕಟ್ಟಿಯೂ ಇಟ್ಟಿದ್ದೆ. ಡ್ರೈವರು ಒಳಗೆ ಬಂದು ಸುತ್ತ ನೋಡಿ, "ಆ ಗಾಜಿನ ತೊಟ್ಟಿ ಒಂದನ್ನ ಇಲ್ಲೇ ಬಿಡೋದಂತೆ ಮೇಡಂ. ಆ ಹೊಲಸು ಮನೆಯೊಳಗೆ ಬರಬಾರದು ಅಂದಿದ್ದಾರೆ ಟೀಚರ್" ಎಂದ. ಪಾಪ, ಅವನದೇನು ತಪ್ಪು.

ನಿಮ್ಮ ಅಣ್ಣ ಆ ತೊಟ್ಟಿಯ ಕಲ್ಲನ್ನು ಅಂಗಡಿಯಿಂದ ತಂದವರಲ್ಲ. ಪಂಪ್ ಹೌಸಿನ ಹಿಂದಿನ ರಾಶಿಯಲ್ಲಿ ನುಣುಪಾದದ್ದನ್ನು ಆರಿಸಿ, ಪ್ಯಾಂಟಿನ ಜೇಬಿನಲ್ಲಿ ತರುತ್ತಿದ್ದರು, ದಿನಕ್ಕೊಂದು ಹಿಡಿ. ಒಗೆಯುವಾಗ ಜೇಬಿನಿಂದ ಕಲ್ಲು ಉದುರಿ ನಾನೆಷ್ಟು ಬೈದಿದ್ದೇನೆ. ಅಂದು ಆ ಕಲ್ಲಿನ ಮೇಲೆ ಕೂತ ಜೀವ ಒಂದರಿಂದೊಂದು ಹುಟ್ಟುತ್ತ ಇವತ್ತಿನವರೆಗೂ ಬಂದಿದೆ. ಅವರು ಹೋದ ದಿನವೂ ಅದು ಕೆಲಸ ನಿಲ್ಲಿಸಲಿಲ್ಲ. ನೀವು ಹೊಲಸು ಎಂದದ್ದು ಅದನ್ನು.

ಯಾವುದಾದರೂ ಹಳೆಯ ತೊಟ್ಟಿಯ ಒಂದು ಹಿಡಿ ಕಲ್ಲನ್ನು ನಿಮ್ಮ ಜಲ್ಲಿಗೆ ಬೆರೆಸಿದರೆ ಜೀವ ಬೇಗ ಹರಡುತ್ತದೆ. ನಿಮ್ಮ ಬೀದಿಯ ಮೀನಿನ ಅಂಗಡಿಯವರೇ ಕೊಡುತ್ತಾರೆ. ಕೇಳಿ ತನ್ನಿ.

ಅತ್ತಿಗೆ


ಮೇ ೨

ಅತ್ತಿಗೆಯವರಿಗೆ,

ಉತ್ತರಿಸಲು ತಡವಾಯಿತು. ಬರೆದ ಕರಡುಗಳನ್ನೆಲ್ಲ ಹರಿದು ಹಾಕಿದೆ. ಅವುಗಳಲ್ಲಿ ಭಾಷೆ ಸರಿಯಿತ್ತು, ಮಾತು ಸರಿಯಿರಲಿಲ್ಲ.

ಡ್ರೈವರು ಒಂದಕ್ಷರವನ್ನೂ ಸೇರಿಸಿ ಹೇಳಿಲ್ಲ. ಹಾಗೆಂದವಳು ನಾನೇ. ನೀವು ಸಾಮಾನು ಕಟ್ಟಿಟ್ಟಿದ್ದಿರಿ ಎಂಬುದು ಮಾತ್ರ ನನಗೆ ತಿಳಿದಿರಲಿಲ್ಲ. ಅದನ್ನು ಓದಿದ ಮೇಲೆ ಹಿಂದಿನ ಕೋಣೆಯ ಬಾಗಿಲಲ್ಲಿ ಬಹಳ ಹೊತ್ತು ನಿಂತಿದ್ದೆ. ಸುಣ್ಣದ ವಾಸನೆಯ ಹೊರತು ಅಲ್ಲಿ ಏನೂ ಇರಲಿಲ್ಲ. ನಾನು ತೊಳೆದದ್ದು ಜಲ್ಲಿಯನ್ನು ಮಾತ್ರವಲ್ಲ ಎಂದು ಅರ್ಥವಾಯಿತು. ಕ್ಷಮಿಸಿ.

ಮೀನುಗಳಲ್ಲಿ ಸುಮಾರು ಅರ್ಧ ಉಳಿದಿವೆ. ನೀವು ಹೇಳಿದಂತೆ ದಿನವೂ ನೀರು ಬದಲಿಸುತ್ತಿದ್ದೇನೆ. ಸೊಂಟ ಹಿಡಿದುಕೊಂಡರೂ ತಪ್ಪಿಸಿಲ್ಲ. ಹಸಿವಿನಿಂದ ಅವು ನನ್ನನ್ನು ಕಂಡರೆ ಮೇಲೆ ಬಂದು ಬಾಯಿ ತೆರೆಯುತ್ತವೆ. ಬಾಯಿ ಮುಚ್ಚಿಸುವುದೇ ನನ್ನ ಜೀವನದ ಕೆಲಸವಾಗಿತ್ತು. ಈ ಬಾಯಿಗಳನ್ನು ನೋಡಲಾಗುವುದಿಲ್ಲ.

ಬೀದಿಯ ಅಂಗಡಿಗೆ ಡಬ್ಬಿ ಹಿಡಿದು ಹೋದೆ. "ಹಳೇ ಕಲ್ಲಾ? ಎಷ್ಟು ಬೇಕಾದ್ರೂ ತಗೊಳ್ಳಿ ಮೇಡಂ, ಎಸೆಯೋದೇ ಅದು" ಎಂದ ಅಂಗಡಿಯವನು. ಡಬ್ಬಿಯನ್ನು ಖಾಲಿಯೇ ಮರಳಿ ತಂದೆ. ಅದು ಯಾರ ಜೇಬಿನಲ್ಲೂ ಬಂದ ಕಲ್ಲಲ್ಲ. ನಿಮ್ಮಲ್ಲಿರುವುದರಿಂದ ಒಂದು ಹಿಡಿಯನ್ನು ನನಗೆ ಕಳುಹಿಸಿಕೊಡಲು ಸಾಧ್ಯವೇ?

ಇನ್ನೊಂದು ವಿಷಯ. ಹಿಂದಿನ ಕೋಣೆಯ ಕಿಟಕಿಯ ಕೆಳಗೆ ಮೇಸ್ತ್ರಿಯಿಂದ ಒಂದು ಕಟ್ಟೆ ಕಟ್ಟಿಸಿದೆ. ಅಗಲ ನಾಲ್ಕು ಅಡಿ, ಎತ್ತರ ಮೊಣಕಾಲಿಗಿಂತ ಮೇಲೆ.

"ಇದರ ಮೇಲೆ ಏನಿಡೋದು ಟೀಚರ್?"

"ಏನೂ ಇಲ್ಲ."

"ಏನೂ ಇಡದೇ ಇರೋಕೆ ಇಷ್ಟು ಗಟ್ಟಿ ಕಟ್ಟಬೇಕಿತ್ತಾ?"

ಇದು ಟೆಂಪೋ ಅಲ್ಲ ಅತ್ತಿಗೆ. ಬರಿಯ ಕಟ್ಟೆ. ಖಾಲಿ ಉಳಿದರೂ ಯಾರಿಗೂ ಅಡ್ಡಿಯಿಲ್ಲ.

ನಿಮ್ಮ ನಾದಿನಿ


ಮೇ ೧೫

ನಾದಿನಿಗೆ,

ಕಲ್ಲು ಅಂಚೆಯಲ್ಲಿ ಬರುವುದಿಲ್ಲ. ಒಣಗಿದರೆ ಅದರ ಮೇಲಿನದು ಸಾಯುತ್ತದೆ. ನೀರಿನ ಸಮೇತ ಮುಚ್ಚಿಟ್ಟರೆ ಉಸಿರುಗಟ್ಟಿ ಸಾಯುತ್ತದೆ. ಬಾಯಿ ತೆರೆದ ಬಕೆಟ್ಟಿನಲ್ಲಿ, ಒದ್ದೆಯಾಗಿ, ಯಾರಾದರೂ ಕೈಯಲ್ಲಿ ಹಿಡಿದು ತರಬೇಕು.

ಸುಳ್ಳು ಹೇಳಬಾರದು, ಆದ್ದರಿಂದ ಇನ್ನೊಂದನ್ನೂ ಬರೆಯುತ್ತೇನೆ. ನೀವು ನಿಲ್ಲಿಸದೆ ನೀರು ಬದಲಿಸಿದ್ದರೆ, ಇಷ್ಟು ದಿನಕ್ಕೆ ನಿಮ್ಮ ಜಲ್ಲಿಗೆ ಮತ್ತೆ ತಾನಾಗಿಯೇ ಜೀವ ಹಿಡಿಯುತ್ತಿರಬೇಕು. ಹನಿ ಹಾಕಿ ನೋಡುತ್ತಿರಿ. ಹಳದಿಯಾದ ಮೇಲೆ ಚಿಟಿಕೆ ಊಟ ಹಾಕಿ, ಮರುದಿನ ಮತ್ತೆ ನೋಡಿ. ಊಟ ಹಾಕಿದ ಮೇಲೂ ಹಳದಿ ನಿಂತರೆ ಮೀನು ಬದುಕಿದವು. ನನ್ನ ಕಲ್ಲು ಬೇಕಾಗುವುದಿಲ್ಲ, ನಾನೂ ಬೇಕಾಗುವುದಿಲ್ಲ.

ಎರಡನೆಯ ಕೋಣೆ ಸಿಕ್ಕಿದೆ. ಮಾಲಕಿ ಒಳ್ಳೆಯವರು. ತೊಟ್ಟಿ ಇಟ್ಟುಕೊಳ್ಳಿ, ಮೀನು ನೋಡಿದರೆ ನಮಗೂ ಮನಸ್ಸು ತಣ್ಣಗಾಗುತ್ತದೆ ಎಂದರು. ತಿಂಗಳ ಕೊನೆಗೆ ಅವರಿಗೆ ಮಾತು ಕೊಡಬೇಕು. ಹೋಗಲು ಜಾಗವಿಲ್ಲದವಳು ಎಂದು ನನ್ನನ್ನು ಯಾರೂ ತಿಳಿಯುವುದು ಬೇಡ.

ಗಾಜಿನ ತೊಟ್ಟಿಗೆ ಹೊಂದುವ ಆ ಕಟ್ಟೆಯ ವಿಷಯ ಓದಿ ಹೆಡ್ ಮಾಸ್ತರರ ಮುಂದೆ ಕೂತು ಅತ್ತುಬಿಟ್ಟೆ, ಆಮೇಲೆ ಮೇಸ್ತ್ರಿಯ ಮಾತಿಗೆ ನಕ್ಕೆ. ಆದರೂ ಒಂದು ಮಾತು ಹೇಳಲೇಬೇಕು. ನೀವು ನನಗಾಗಿ ಟೆಂಪೋ ಕಳಿಸಿದಿರಿ. ಸುಣ್ಣ ಹೊಡೆಸಿದಿರಿ. ಕಟ್ಟೆ ಕಟ್ಟಿಸಿದಿರಿ. ಮೊನ್ನೆ ಕಲ್ಲನ್ನೂ ಕೇಳಿದಿರಿ. ಆದರೆ ನನ್ನನ್ನು ಒಂದು ಸಲವೂ ಕೇಳಿಲ್ಲ. ಇನ್ನು ಕೇಳುವುದಿದ್ದರೂ ಮೀನಿನ ಹೆಸರಿನಲ್ಲಿ ಕೇಳಬೇಡಿ.

ಅತ್ತಿಗೆ


ಮೇ ೨೩

ಅತ್ತಿಗೆ,

ಭಾನುವಾರ ಹನಿ ಹಾಕಿದೆ, ಹಳದಿ. ಸೋಮವಾರ ಚಿಟಿಕೆ ಊಟ ಹಾಕಿದೆ. ಮೀನುಗಳು ನೀರನ್ನೇ ಕುದಿಸಿದಂತೆ ಎಗರಿ ತಿಂದವು. ಮಂಗಳವಾರ ಮತ್ತೆ ಹನಿ ಹಾಕಿದೆ. ಹಳದಿ. ಇವತ್ತೂ ಹಳದಿ. ಜಲ್ಲಿಯೊಳಗೆ ಬೆರಳಿಟ್ಟು ನೋಡಿದೆ. ಜಾರುತ್ತಿತ್ತು. ಮುಟ್ಟಿದ್ದಷ್ಟೇ, ಹಾಗೆಯೇ ಬಿಟ್ಟೆ. ಟೊಮೇಟೊ ಗಿಡ ಮೊದಲ ಹೂವನ್ನು ಬಿಟ್ಟಿದೆ.

ಹೀಗಾಗಿ ಮೀನಿಗೆ ನಿಮ್ಮ ಅಗತ್ಯ ಇನ್ನಿಲ್ಲ. ಜಲ್ಲಿಗೂ ಇಲ್ಲ. ಆದ್ದರಿಂದ ಈಗ ಕೇಳಬಹುದು.

ಸಂಜೆ ನೀರಿನ ಸದ್ದು ಕೇಳುತ್ತ ಮೆಟ್ಟಿಲ ಮೇಲೆ ಕುಳಿತಾಗ ಪಕ್ಕದಲ್ಲಿ ಇನ್ನೊಬ್ಬರಿಗೆ ಜಾಗವಿರುತ್ತದೆ. ಅಣ್ಣನ ಮಾತನ್ನು ಆಡಲು ನನಗೆ ಈ ಊರಿನಲ್ಲಿ ಯಾರೂ ಇಲ್ಲ. ನಿಮ್ಮ ಮಾಲಕಿ ಒಳ್ಳೆಯವರೆಂದು ಬರೆದಿದ್ದೀರಿ. ನಾನು ಅಷ್ಟು ಒಳ್ಳೆಯವಳಲ್ಲ ಎಂಬುದು ನಿಮಗೆ ಗೊತ್ತು. ಗೊತ್ತಿದ್ದೂ ಬರುತ್ತೀರಾ? ಬರುವುದಿಲ್ಲ ಎಂದರೂ ಟೊಮೇಟೊ ಹಣ್ಣಾದಾಗ ಕಳುಹಿಸುತ್ತೇನೆ. ಅದನ್ನು ಅಂಚೆಯಲ್ಲಿ ಕಳಿಸಬಹುದು.

ನಿಮ್ಮ ನಾದಿನಿ


ಮೇ ೨೮

ನಾದಿನಿಗೆ,

ಇವತ್ತು ಮಾಲಕಿಯ ಮನೆಗೆ ಹೋಗಿ ಕೋಣೆ ಬೇಡ ಎಂದು ಹೇಳಿ ಬಂದೆ. "ಯಾಕಮ್ಮ, ಇದಕ್ಕಿಂತ ಒಳ್ಳೇ ಜಾಗ ಸಿಕ್ತಾ?" ಎಂದು ಕೇಳಿದರು. "ಒಳ್ಳೇದೋ ಏನೋ ಗೊತ್ತಿಲ್ಲ, ಹಿತ್ತಿಲಲ್ಲಿ ಮೀನಿದೆ" ಎಂದೆ.

ಕೆಲವು ಮಾತುಗಳನ್ನು ಈಗಲೇ ಆಡಿಬಿಡುತ್ತೇನೆ. ಬೆಳಿಗ್ಗೆ ರೇಡಿಯೋ ಹಾಕುತ್ತೇನೆ, ಅದರಲ್ಲಿ ಯಾರು ಏನು ತಪ್ಪು ಮಾತಾಡಿದರೂ ನೀವು ತಿದ್ದಬಾರದು. ಅಡುಗೆಮನೆಯಲ್ಲಿ ನನ್ನ ಡಬ್ಬಿಗಳು ನಾನಿಟ್ಟಲ್ಲಿಯೇ ಇರಬೇಕು. ಜಲ್ಲಿಯ ಪಾತಿ ನನ್ನದು, ಟೊಮೇಟೊ ನಿಮ್ಮದು, ಮೀನು ಇಬ್ಬರದೂ. ಅವುಗಳಿಗೆ ನೀವು ಈಗಾಗಲೇ ಹೆಸರಿಟ್ಟಿರುತ್ತೀರಿ ಎಂದು ನನಗೆ ಖಾತ್ರಿ, ಆದ್ದರಿಂದ ತಿನ್ನುವ ಮಾತು ಮುಗಿಯಿತು.

ಜೂನ್ ಕೊನೆಯ ಭಾನುವಾರ ಟೆಂಪೋ ಕಳಿಸಿ. ಅದೇ ಡ್ರೈವರಾದರೂ ಪರವಾಗಿಲ್ಲ. ಆದರೆ ಈ ಸಲ ಖಾಲಿ ಬೇಡ, ಮುಂದಿನ ಸೀಟಿನಲ್ಲಿ ನೀವೇ ಕೂತು ಬನ್ನಿ. ಗಾಜಿನ ತೊಟ್ಟಿ ಹಿಂದೆ ಹಾಸಿಗೆಗಳ ನಡುವೆ ಬರುತ್ತದೆ. ಹೆಡ್ ಮಾಸ್ತರರನ್ನು ಪಾತ್ರೆಯಲ್ಲಿಟ್ಟು ನಾನು ಹಿಡಿದುಕೊಳ್ಳುತ್ತೇನೆ. ಕಲ್ಲಿನ ಬಕೆಟ್ಟು ನಿಮ್ಮ ಮಡಿಲಲ್ಲಿ. ನಿಮ್ಮ ಜಲ್ಲಿಗೆ ಅದು ಬೇಕಾಗಿಲ್ಲ ಎಂದು ಗೊತ್ತು. ಆದರೂ ಒಂದು ಹಿಡಿ ಬೆರೆಸೋಣ. ಬಕೆಟ್ಟಿಗೆ ಮುಚ್ಚಳ ಹಾಕುವಂತಿಲ್ಲ, ದಾರಿಯುದ್ದಕ್ಕೂ ತುಳುಕುತ್ತದೆ.

ಒಳ್ಳೆಯ ಬಟ್ಟೆ ಹಾಕಿಕೊಂಡು ಬರಬೇಡಿ.

ಅತ್ತಿಗೆ